ವಾಲ್ಟರ್ ಕ್ಯಾಂಪ್: ರೂಲ್ ಬುಕ್ ಬರೆದವನ ಕಥೆ

ಫುಟ್‌ಬಾಲ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕಾಲಲ್ಲಿ ಒದೆಯೋ ದುಂಡು ಚೆಂಡು. ಅಮೆರಿಕದವರಿಗೆ ಮಾತ್ರ ಹಾಗಲ್ಲ. ಅವರ ಫುಟ್‌ಬಾಲಿನಲ್ಲಿ ಚೆಂಡಿಗೆ ಎರಡು ಚೂಪು ತುದಿ, ಅದು ಹೆಚ್ಚಾಗಿ ಇರೋದು ಕೈಯಲ್ಲಿ, ಆಡುವವರ ತಲೆ ಮೇಲೆ ಹೆಲ್ಮೆಟ್ಟು. ನಾಲ್ಕು ಸೆಕೆಂಡು ಆಟ ನಡೆದರೆ ಅರ್ಧ ನಿಮಿಷ ಎಲ್ಲರೂ ನಿಂತು ಏನೋ ಮಾತಾಡ್ತಾ ಇರ್ತಾರೆ. ಮೊದಲ ಸಲ ನೋಡಿದವರಿಗೆ ತಲೆಬುಡ ಅರ್ಥ ಆಗಲ್ಲ. ಅರ್ಥ ಆಗದೇ ಇರೋದರಲ್ಲಿ ನಮ್ಮ ತಪ್ಪೇನಿಲ್ಲ ಬಿಡಿ. ಬಹುಶಃ ಜಗತ್ತಿನ ಬೇರೆ ಯಾವ ಜನಪ್ರಿಯ ಆಟವೂ ಇಷ್ಟು ದಪ್ಪನೆಯ ನಿಯಮ ಪುಸ್ತಕ ಇಟ್ಟುಕೊಂಡಿಲ್ಲ.

ಆ ಪುಸ್ತಕ ಪ್ರತಿ ವರ್ಷವೂ ಬದಲಾಗುತ್ತೆ. ಅಲ್ಲಿನ ಹೈಸ್ಕೂಲು ಫುಟ್‌ಬಾಲಿಗೆ ನಿಯಮ ಮಾಡೋ ರಾಷ್ಟ್ರೀಯ ಒಕ್ಕೂಟವೊಂದಿದೆ. ಅದು ಪ್ರತಿ ವರ್ಷ ಹೊಸ ತಿದ್ದುಪಡಿಗಳ ಪಟ್ಟಿ ಹೊರಡಿಸುತ್ತೆ. ಸೀಸನ್ ಶುರುವಾಗೋ ಮೊದಲು, ಬೇಸಿಗೆಯಲ್ಲಿ, ರಾಜ್ಯ ರಾಜ್ಯದ ರೆಫ್ರಿಗಳು ಕೂತು ಆ ತಿದ್ದುಪಡಿಗಳ ಪಾಠ ಕೇಳ್ತಾರೆ, ಎಷ್ಟೋ ಕಡೆ ಪರೀಕ್ಷೆಯನ್ನೂ ಬರೀತಾರೆ. ಇವರಾರೂ ಪೂರ್ಣಾವಧಿ ರೆಫ್ರಿಗಳಲ್ಲ. ಹಗಲು ಬೇರೆ ಬೇರೆ ಕೆಲಸ ಮಾಡಿಕೊಂಡು, ಶುಕ್ರವಾರ ಸಂಜೆ ಪಟ್ಟೆ ಅಂಗಿ ಹಾಕಿಕೊಂಡು ಮೈದಾನಕ್ಕೆ ಇಳಿಯೋ ಜನ. ಹೋದ ವರ್ಷ ಸರಿ ಇದ್ದದ್ದು ಈ ವರ್ಷ ಫೌಲ್ ಆಗಿರಬಹುದು. ಅದು ಗೊತ್ತಿಲ್ಲದೆ ಸೀಟಿ ಊದದೆ ಇದ್ದರೆ ಹದಿನಾರು ವರ್ಷದ ಹುಡುಗನ ಕುತ್ತಿಗೆಗೆ ಸಂಚಕಾರ.

ವರ್ಷ ವರ್ಷ ನಿಯಮ ತಿದ್ದೋದು, ಅಚ್ಚು ಹಾಕಿಸೋದು, ಅದನ್ನು ರೆಫ್ರಿಗೆ ತಿಳಿಯೋ ಹಾಗೆ ಬಿಡಿಸಿ ಹೇಳೋದು ಅನ್ನೋ ಈ ಪದ್ಧತಿಯ ಬೇರು ಹುಡುಕಿಕೊಂಡು ಹೋದರೆ ಒಬ್ಬ ಮನುಷ್ಯ ಸಿಗ್ತಾನೆ. ಹೆಸರು ವಾಲ್ಟರ್ ಕ್ಯಾಂಪ್. ಅಮೆರಿಕನ್ ಫುಟ್‌ಬಾಲಿನ ಪಿತಾಮಹ ಅಂತ ಅವನನ್ನ ಕರೀತಾರೆ. ಹೊಟ್ಟೆಪಾಡಿಗೆ ಅವನು ಮಾಡ್ತಾ ಇದ್ದದ್ದು ಮಾತ್ರ ಗಡಿಯಾರದ ಕಂಪನಿಯ ಕೆಲಸ.

ಕ್ಯಾಂಪ್ ಹುಟ್ಟಿದ್ದು 1859ರ ಏಪ್ರಿಲ್ 7ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನಲ್ಲಿ. ತಂದೆ ಮೇಷ್ಟ್ರು. ಬೆಳೆದದ್ದು, ಓದಿದ್ದು ನ್ಯೂ ಹೇವನ್ನಿನಲ್ಲಿ. ಅಲ್ಲೇ ಹಾಪ್‌ಕಿನ್ಸ್ ಗ್ರಾಮರ್ ಸ್ಕೂಲ್, ಆಮೇಲೆ 1876ರಲ್ಲಿ ಯೇಲ್ ಕಾಲೇಜು. ಓಟ, ಈಜು, ಬೇಸ್‌ಬಾಲ್, ಟೆನಿಸ್ ಎಲ್ಲದರಲ್ಲೂ ಕೈಯಾಡಿಸಿದ ಹುಡುಗ. ಫುಟ್‌ಬಾಲಿನಲ್ಲಿ ಹಾಫ್‌ಬ್ಯಾಕ್, ಮುಂದೆ ತಂಡದ ಕ್ಯಾಪ್ಟನ್. 1880ರಲ್ಲಿ ಪದವಿ ಮುಗಿಸಿ ಮೆಡಿಕಲ್ ಸೇರಿದ. ಅದು ಪೂರ್ತಿ ಆಗಲಿಲ್ಲ. 1883ರಲ್ಲಿ ನ್ಯೂ ಹೇವನ್ ಕ್ಲಾಕ್ ಕಂಪನಿಗೆ ಸೇರಿದವನು ಕೊನೆವರೆಗೂ ಅಲ್ಲೇ ಇದ್ದು, ಅದರ ಅಧ್ಯಕ್ಷನ ಕುರ್ಚಿವರೆಗೂ ಹೋದ.

ಅವನು ಕಾಲೇಜಿಗೆ ಬರೋ ಹೊತ್ತಿಗೆ ಆಟ ಹೇಗಿತ್ತು ಅನ್ನೋದನ್ನ ಸ್ವಲ್ಪ ನೋಡಬೇಕು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನ ಮೊದಲ ಕಾಲೇಜು ಫುಟ್‌ಬಾಲ್ ಅಂತಾರೆ. ಒಂದೊಂದು ಕಡೆ 25 ಜನ, ಒದ್ದು ಆಡೋ ಆಟ, ಹೆಚ್ಚುಕಮ್ಮಿ ಇವತ್ತಿನ ಸಾಕರ್ ಥರ. ಹಾರ್ವರ್ಡಿನವರು ಮಾತ್ರ ಕೈಯಲ್ಲಿ ಹಿಡಿದು ಓಡಬಹುದಾದ ಆಟಕ್ಕೆ ಅಂಟಿಕೊಂಡಿದ್ದರು. 1874ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಜೊತೆ ಆಡಿ ರಗ್ಬಿಯ ರುಚಿ ಹತ್ತಿಸಿಕೊಂಡರು. 1876ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಮ್ಯಾಸಸೋಯಿಟ್ ಹೋಟೆಲಿನಲ್ಲಿ ಕಾಲೇಜುಗಳ ಪ್ರತಿನಿಧಿಗಳು ಸೇರಿ ರಗ್ಬಿ ನಿಯಮಗಳನ್ನೇ ಸ್ವಲ್ಪ ತಿದ್ದಿ ಒಪ್ಪಿಕೊಂಡರು.

ತೊಂದರೆ ಶುರುವಾಗಿದ್ದು ಅಲ್ಲೇ. ಇಂಗ್ಲೆಂಡಿನಲ್ಲಿ ರಗ್ಬಿ ಆಡೋ ಹುಡುಗನಿಗೆ ಪುಸ್ತಕದಲ್ಲಿ ಇಲ್ಲದ್ದು ರೂಢಿಯಿಂದ ಗೊತ್ತಿರ್ತಿತ್ತು. ಅಣ್ಣ ಆಡಿದ್ದು, ಮೇಷ್ಟ್ರು ಆಡಿದ್ದು ನೋಡಿ ಬೆಳೆದಿರ್ತಿದ್ದ. ಅಮೆರಿಕದ ಹುಡುಗರಿಗೆ ಸಿಕ್ಕಿದ್ದು ಬರೀ ಪುಸ್ತಕ. ಚೆಂಡು ಗುಂಪಿನ ಮಧ್ಯದಿಂದ ಹೊರಗೆ ಬರೋದು ಅಂದರೆ ಹೇಗೆ ಬರಬೇಕು? ಬೇಕು ಅಂತ ಹಿಂದಕ್ಕೆ ತಳ್ಳಬಹುದಾ? ಕೇಳೋಕೆ ಹಿರಿಯರು ಯಾರೂ ಇಲ್ಲ. ಹಾಗಾಗಿ ಪುಸ್ತಕದಲ್ಲಿ ಬೇಡ ಅಂತ ಬರೆದಿಲ್ಲ ಅಂದರೆ ಮಾಡಬಹುದು ಅಂತಲೇ ಅರ್ಥ ಅಂದುಕೊಂಡರು. ನಮ್ಮಲ್ಲಿ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರೋದು ಅಂತೀವಲ್ಲ, ಆ ವಿದ್ಯೆಯಲ್ಲಿ ಯೇಲ್, ಪ್ರಿನ್ಸ್‌ಟನ್ ಹುಡುಗರು ಬಹಳ ಬೇಗ ಪಳಗಿದರು. ಕ್ಯಾಂಪ್ ಕೂಡ ಅವರಲ್ಲೊಬ್ಬ. ಹಾಗಾಗಿಯೇ ರಂಗೋಲಿ ಕೆಳಗಿನ ದಾರಿಗಳು ಅವನಿಗೆ ಚೆನ್ನಾಗಿ ಗೊತ್ತಿದ್ದವು.

ವಿದ್ಯಾರ್ಥಿ ಆಗಿದ್ದಾಗಲೇ, 1878ರಲ್ಲಿ, ಅವನು ನಿಯಮ ಸಭೆಗೆ ಹೋಗಿ ಕೂತ. ತಂಡದಲ್ಲಿ 15 ಜನ ಬೇಡ, 11 ಸಾಕು ಅಂತ ವಾದಿಸಿದ. ಯಾರೂ ಕೇಳಲಿಲ್ಲ. ಮುಂದಿನ ವರ್ಷ ಮತ್ತೆ ಕೇಳಿದ, ಆಗಲೂ ಇಲ್ಲ. 1880ರಲ್ಲಿ ಒಪ್ಪಿದರು. ಅದೇ ಸಭೆಯಲ್ಲಿ ಇನ್ನೊಂದು ಬದಲಾವಣೆಯನ್ನೂ ಒಪ್ಪಿಸಿದ. ರಗ್ಬಿಯ ಸ್ಕ್ರಮ್ಮಿನಲ್ಲಿ ಎರಡೂ ತಂಡ ಗುದ್ದಾಡಿ ಚೆಂಡು ಯಾರ ಕಡೆ ಬೀಳುತ್ತೋ ಅವರದು. ಕ್ಯಾಂಪ್ ಅದನ್ನ ತೆಗೆದು, ಚೆಂಡು ಒಂದು ತಂಡದ ಸ್ವತ್ತು, ಅವರ ಮಧ್ಯದ ಆಟಗಾರ ಅದನ್ನ ಹಿಂದಕ್ಕೆ ಕೊಟ್ಟ ಮೇಲೆಯೇ ಆಟ ಶುರು ಅಂದ. ಇದಕ್ಕೆ ಸ್ಕ್ರಿಮೇಜ್ ಅಂತ ಹೆಸರು. ಆ ಚೆಂಡು ತಗೊಳ್ಳೋಕೆ ನಿಂತವನೇ ಕ್ವಾರ್ಟರ್‌ಬ್ಯಾಕ್. ಈ ಒಂದು ತಿದ್ದುಪಡಿಯಿಂದ ಆಟ ರಗ್ಬಿಯಿಂದ ಕವಲೊಡೆದು ಬೇರೆಯೇ ಆಯ್ತು. ಮೊದಲೇ ಯೋಚನೆ ಮಾಡಿ, ಲೆಕ್ಕ ಹಾಕಿ, ಎಲ್ಲರಿಗೂ ಒಂದೊಂದು ಕೆಲಸ ಹಂಚಿ ಆಡೋದು ಸಾಧ್ಯ ಆಯ್ತು.

ಆದರೆ ಕೋಡ್ ಬರೆದವರಿಗೆ ಗೊತ್ತಿರೋ ಸಂಕಟ ಇಲ್ಲೂ ಎದುರಾಯ್ತು. ಚೆಂಡು ಒಂದು ತಂಡದ ಸ್ವತ್ತು ಅಂದ ಮೇಲೆ, ಎಷ್ಟು ಹೊತ್ತಿನವರೆಗೆ? ಅದನ್ನ ಪುಸ್ತಕದಲ್ಲಿ ಬರೆದೇ ಇರಲಿಲ್ಲ. 1881ರ ಯೇಲ್–ಪ್ರಿನ್ಸ್‌ಟನ್ ಪಂದ್ಯದಲ್ಲಿ ಮೊದಲರ್ಧ ಪೂರ್ತಿ ಪ್ರಿನ್ಸ್‌ಟನ್ ಚೆಂಡು ಇಟ್ಟುಕೊಂಡು ಕೂತಿತು, ಎರಡನೇ ಅರ್ಧ ಪೂರ್ತಿ ಯೇಲ್ ಇಟ್ಟುಕೊಂಡಿತು. ಸೊನ್ನೆ–ಸೊನ್ನೆ. ದುಡ್ಡು ಕೊಟ್ಟು ಬಂದ ಜನ ಛೀಮಾರಿ ಹಾಕಿದರು. ನಿಯಮದ ಪ್ರಕಾರ ಯಾರೂ ತಪ್ಪು ಮಾಡಿರಲಿಲ್ಲ, ರೆಫ್ರಿ ಮಾಡುವಂಥದ್ದೂ ಏನೂ ಇರಲಿಲ್ಲ.

1882ರಲ್ಲಿ ಕ್ಯಾಂಪ್ ಅದಕ್ಕೆ ಮದ್ದು ತಂದ. ಮೂರು ಪ್ರಯತ್ನದೊಳಗೆ 5 ಗಜ ಮುಂದೆ ಹೋಗಬೇಕು, ಇಲ್ಲ 10 ಗಜ ಹಿಂದೆ ಹೋಗಬೇಕು. ಎರಡೂ ಆಗದಿದ್ದರೆ ಚೆಂಡು ಎದುರಾಳಿಗೆ. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಬಂದರೆ ಮೂರನೇದು ಮಾಡು ಇಲ್ಲವೇ ಮಡಿ ಆಗುತ್ತಲ್ಲ, ಆ ಯೋಚನೆಗೆ ಹತ್ತಿರದ್ದು ಅಂದುಕೊಳ್ಳಿ. ಒಂದು ಪ್ರಯತ್ನಕ್ಕೆ ಡೌನ್ ಅಂತಾರೆ. ಇವತ್ತಿಗೂ ಆ ಆಟದ ಬೆನ್ನೆಲುಬು ಇದೇ.

ಸಭೆಯಲ್ಲಿ ಇದನ್ನ ಹೇಳಿದಾಗ ಎದ್ದ ಪ್ರಶ್ನೆ ಬಹಳ ಪ್ರಾಯೋಗಿಕವಾದದ್ದು. 5 ಗಜ ಆಯ್ತೋ ಇಲ್ಲವೋ ಅಂತ ರೆಫ್ರಿಗೆ ಹೇಗೆ ಗೊತ್ತಾಗಬೇಕು? ಕಣ್ಣಂದಾಜಿನಲ್ಲಿ ಹೇಳಿದರೆ ಪ್ರತಿ ಸಲವೂ ಜಗಳ. ಅದಕ್ಕೆ ಉತ್ತರ, ಮೈದಾನದ ಅಡ್ಡಕ್ಕೆ ಪ್ರತಿ 5 ಗಜಕ್ಕೊಂದು ಸುಣ್ಣದ ಗೆರೆ. ಮೇಲಿಂದ ನೋಡಿದರೆ ಕೆಂಡದ ಮೇಲೆ ಮಾಂಸ ಸುಡೋ ಕಂಬಿ ಜಾಲರಿ ಥರ ಕಾಣುತ್ತೆ ಅಂತ ಆ ಮೈದಾನಕ್ಕೆ ಗ್ರಿಡೈರನ್ ಅನ್ನೋ ಹೆಸರು ಬಿತ್ತು. ಟಿವಿಯಲ್ಲಿ ನಾವು ನೋಡೋ ಆ ಗೆರೆಗಳು ಅಲಂಕಾರಕ್ಕೆ ಬಂದವಲ್ಲ. ಅಳೆಯೋಕೆ ಆಗದ ನಿಯಮ ನಿಯಮವೇ ಅಲ್ಲ ಅನ್ನೋದು ಮೆಟ್ರಾಲಜಿ ಲ್ಯಾಬಿನಲ್ಲಿ ವರ್ನಿಯರ್ ಹಿಡಿದ ಯಾರಿಗಾದರೂ ಹೊಳೆಯೋ ವಿಷಯ. ಗಡಿಯಾರದ ಕಂಪನಿ ಸೇರೋ ಮೊದಲೇ ಅದು ಕ್ಯಾಂಪ್‌ಗೆ ಹೊಳೆದಿತ್ತು ಅನ್ನೋದು ನನಗೆ ಮೆಚ್ಚುಗೆಯಾದ ಸಂಗತಿ. 1883ರಲ್ಲಿ ಅಂಕಗಳ ಲೆಕ್ಕವೂ ಬಂತು. ಆಗ ಟಚ್‌ಡೌನಿಗೆ ಬರೀ 2, ಮೈದಾನದಿಂದ ಒದ್ದು ಹೊಡೆದ ಗೋಲಿಗೆ 5. ಇವತ್ತಿನ 6ಕ್ಕೆ ಬರೋಕೆ ಟಚ್‌ಡೌನ್ 1912ರವರೆಗೂ ಕಾಯಬೇಕಾಯ್ತು.

ಇನ್ನು ರೆಫ್ರಿಗಳ ಕಥೆ. ಮೊದಮೊದಲು ಒಂದೊಂದು ತಂಡಕ್ಕೆ ಒಬ್ಬೊಬ್ಬ ಜಡ್ಜ್, ಇಬ್ಬರ ನಡುವೆ ಒಬ್ಬ ರೆಫ್ರಿ ಇರ್ತಿದ್ದರು. ಹೆಸರಿಗೆ ಜಡ್ಜ್, ಕೆಲಸ ಮಾತ್ರ ಲಾಯರದು. ತನ್ನ ತಂಡದವನು ಏನೇ ಮಾಡಿದರೂ ಸಮರ್ಥಿಸೋದು, ಎದುರು ತಂಡ ಉಸಿರು ಬಿಟ್ಟರೂ ಫೌಲ್ ಅಂತ ಕೂಗೋದು. ಇಬ್ಬರ ಅರಚಾಟದ ಮಧ್ಯೆ ರೆಫ್ರಿ ಹೈರಾಣ. ಕೊನೆಗೆ ಜಡ್ಜ್‌ಗಳನ್ನೇ ತೆಗೆದು ಎಲ್ಲಾ ಅಧಿಕಾರವನ್ನ ಒಬ್ಬ ರೆಫ್ರಿಗೆ ಕೊಟ್ಟರು. ಆಗ ಇನ್ನೊಂದು ಕಷ್ಟ. ರೆಫ್ರಿ ಚೆಂಡಿನ ಹಿಂದೆ ಓಡ್ತಾ ಇದ್ದರೆ ಅವನ ಬೆನ್ನ ಹಿಂದೆ ಮುಷ್ಟಿಯುದ್ಧ. 1887ರ ಸುಮಾರಿಗೆ ಅಂಪೈರ್ ಅಂತ ಎರಡನೆಯವನನ್ನ ತಂದು ಕೆಲಸ ಹಂಚಿದರು. ರೆಫ್ರಿಯ ಕಣ್ಣು ಚೆಂಡಿನ ಮೇಲೆ, ಅಂಪೈರಿನ ಕಣ್ಣು ಆಟಗಾರರ ಮೇಲೆ. ಚೆಂಡನ್ನ ನೋಡಬೇಡ, ನಿನ್ನ ಪಾಲಿನ ಆಟಗಾರನನ್ನ ನೋಡು ಅಂತ ಇವತ್ತಿಗೂ ಹೊಸ ರೆಫ್ರಿಗಳಿಗೆ ಹೇಳಿಕೊಡ್ತಾರೆ. ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಮನುಷ್ಯನ ಕಣ್ಣು ತಾನಾಗೇ ಚೆಂಡಿನ ಹಿಂದೆ ಹೋಗುತ್ತೆ. 1894ರಲ್ಲಿ ಲೈನ್ಸ್‌ಮನ್ ಸೇರಿ ಮೂವರಾದರು.

ಈ ಎಲ್ಲಾ ಹೊತ್ತಿನಲ್ಲೂ ಕ್ಯಾಂಪ್ ಬೆಳಗ್ಗೆಯಿಂದ ಸಂಜೆವರೆಗೆ ಕಂಪನಿಯಲ್ಲಿ. ಯೇಲ್ ತಂಡದ ಅಭ್ಯಾಸ ನಡೆಯೋದು ಮಧ್ಯಾಹ್ನ, ಆಗ ಅವನಿಗೆ ಬಿಡುವಿಲ್ಲ. 1888ರಲ್ಲಿ ಅವನು ಆಲಿಸ್ ಗ್ರಹಾಂ ಸಮ್ನರಳನ್ನ ಮದುವೆ ಆದ. ಯೇಲಿನ ಹೆಸರಾಂತ ಪ್ರಾಧ್ಯಾಪಕ ವಿಲಿಯಂ ಗ್ರಹಾಂ ಸಮ್ನರನ ತಂಗಿ ಆಕೆ. ಅಭ್ಯಾಸಕ್ಕೆ ಆಲಿಸ್ ಹೋಗ್ತಿದ್ದಳು. ಮೈದಾನದ ಪಕ್ಕ ಓಡಾಡ್ತಾ ಯಾರು ಏನು ಮಾಡಿದರು ಅಂತ ಬರೆದುಕೊಂಡು ಬರ್ತಿದ್ದಳು. ರಾತ್ರಿ ಕ್ಯಾಪ್ಟನ್ನೂ ಹಿರಿಯ ಆಟಗಾರರೂ ಕ್ಯಾಂಪ್ ಮನೆಗೆ ಬಂದರೆ, ಅವಳ ಟಿಪ್ಪಣಿ ಮುಂದಿಟ್ಟುಕೊಂಡು ಮಾತು. ಕೋಚ್ ಅಂತ ಹೆಸರು ಬಂದದ್ದು ಗಂಡನಿಗೆ. ಆಕೆಯ ಪಾಲು ಎಷ್ಟು ಅಂತ ಲೆಕ್ಕ ಹಾಕಿದವರು ಕಮ್ಮಿ.

ಕ್ಯಾಂಪ್‌ನ ನಿಜವಾದ ಶಕ್ತಿ ಇದ್ದದ್ದು ಪೆನ್ನಿನಲ್ಲಿ ಅಂತ ನನ್ನ ಅನಿಸಿಕೆ. ಸ್ಪಾಲ್ಡಿಂಗ್ ಅನ್ನೋ ಕ್ರೀಡಾ ಸಾಮಾನಿನ ಕಂಪನಿ ವರ್ಷಕ್ಕೊಂದು ಫುಟ್‌ಬಾಲ್ ಗೈಡ್ ಹೊರಡಿಸ್ತಿತ್ತು. ಅಧಿಕೃತ ನಿಯಮಗಳು ಅಚ್ಚಾಗ್ತಾ ಇದ್ದದ್ದು ಅದರಲ್ಲೇ. ಅದರ ಸಂಪಾದಕ ಕ್ಯಾಂಪ್. ಈ ವರ್ಷ ಏನು ಬದಲಾಯ್ತು, ಯಾಕೆ ಬದಲಾಯ್ತು, ಇಂಥ ಸಂದರ್ಭದಲ್ಲಿ ರೆಫ್ರಿ ಏನು ಮಾಡಬೇಕು ಅನ್ನೋದನ್ನ ಅವನು ಅಲ್ಲೂ, ಪತ್ರಿಕೆಗಳಲ್ಲೂ ಬರೀತಾ ಹೋದ. ದೊಡ್ಡ ಕಾಲೇಜುಗಳಿಗೆ ಕೋಚ್ ಇದ್ದ, ಹಳೇ ವಿದ್ಯಾರ್ಥಿಗಳಿದ್ದರು. ಎಲ್ಲೋ ದೂರದ ಊರಿನ ಹೈಸ್ಕೂಲಿಗೆ ಏನಿತ್ತು? ಆಗ ಶಾಲೆಗಳಿಗೆ ಅಂತ ಬೇರೆ ನಿಯಮ ಇರಲಿಲ್ಲ. ಕಾಲೇಜಿನ ಪುಸ್ತಕವೇ ಅವರಿಗೂ ಗತಿ. ಹಾಗಾಗಿ ಕ್ಯಾಂಪ್‌ಗೆ ದೇಶದ ಮೂಲೆ ಮೂಲೆಯಿಂದ ಕಾಗದ ಬರ್ತಿದ್ದವು. ನಮ್ಮ ಪಂದ್ಯದಲ್ಲಿ ಹೀಗಾಯ್ತು, ರೆಫ್ರಿ ಹೀಗಂದ, ಯಾರು ಸರಿ ಅಂತ. ಇವನು ಉತ್ತರ ಬರೀತಿದ್ದ. ಆ ಪತ್ರಗಳ ರಾಶಿ ಯೇಲಿನ ಗ್ರಂಥಾಲಯದಲ್ಲಿ ಈಗಲೂ ಇದೆ. ಸ್ಟಾಕ್ ಓವರ್‌ಫ್ಲೋ ಹುಟ್ಟೋಕೆ ನೂರು ವರ್ಷ ಮೊದಲು ಒಬ್ಬನೇ ಕೂತು ಆ ಕೆಲಸ ಮಾಡ್ತಿದ್ದ ಅನ್ನಬಹುದು.

ಇಷ್ಟೆಲ್ಲಾ ಮಾಡಿದವನ ಕೈಯಿಂದಲೇ ದೊಡ್ಡ ಅನಾಹುತವೂ ಶುರುವಾಯ್ತು. 1888ರಲ್ಲಿ ಅವನ ಮಾತಿನ ಮೇಲೆ ಸೊಂಟದಿಂದ ಕೆಳಗೆ, ಮಂಡಿವರೆಗೆ ಹಿಡಿದು ಬೀಳಿಸಬಹುದು ಅಂತ ನಿಯಮ ಬಂತು. ಕೇಳೋಕೆ ಸಣ್ಣ ಬದಲಾವಣೆ. ಪರಿಣಾಮ ಏನಾಯ್ತು ಅಂದರೆ, ಬಯಲಿನಲ್ಲಿ ಒಬ್ಬನೇ ಓಡೋನನ್ನ ಬೀಳಿಸೋದು ಸುಲಭ ಆಯ್ತು. ಓಡೋರು ಹೆದರಿ ಬಯಲು ಬಿಟ್ಟರು. ಎಲ್ಲರೂ ಹತ್ತಿರ ಹತ್ತಿರ ಬಂದು, ಒಬ್ಬರನ್ನೊಬ್ಬರು ತಬ್ಬಿಕೊಂಡು, ಚೆಂಡಿದ್ದವನನ್ನ ಮಧ್ಯೆ ಇಟ್ಟು ಟಗರಿನ ಹಾಗೆ ನುಗ್ಗೋದು ಶುರುವಾಯ್ತು. 1892ರಲ್ಲಿ ಹಾರ್ವರ್ಡ್ ತಂಡ ಯೇಲ್ ವಿರುದ್ಧ ಬಿಟ್ಟ ಹಾರುವ ಬೆಣೆ ಇದರ ತುದಿ. ಅದನ್ನ ಯೋಚಿಸಿದ ಲೋರಿನ್ ಡೆಲ್ಯಾಂಡ್ ಫುಟ್‌ಬಾಲ್ ಆಡಿದವನೇ ಅಲ್ಲ, ಚೆಸ್ ಹುಚ್ಚಿನವನು. ಎರಡು ಸಾಲು ಹುಡುಗರು ದೂರದಿಂದ ಓಡಿ ಬಂದು ಬೆಣೆಯಾಕಾರದಲ್ಲಿ ಕೂಡಿ, ನಿಂತಿದ್ದ ಒಬ್ಬ ಎದುರಾಳಿಗೆ ಪೂರ್ತಿ ವೇಗದಲ್ಲಿ ಡಿಕ್ಕಿ ಹೊಡೆಯೋದು. ರಾಶಿ ಗುಣಿಸು ವೇಗ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಆ ಕಾಲದಲ್ಲಿ ಗಟ್ಟಿ ಹೆಲ್ಮೆಟ್ ಇರಲಿಲ್ಲ.

1894ರಲ್ಲಿ ಆ ಬೆಣೆ ನಿಷೇಧ ಆಯ್ತು. ರಾಶಿ ಬಿದ್ದು ನುಗ್ಗೋ ಆಟ ನಿಲ್ಲಲಿಲ್ಲ. ಅದೇ ವರ್ಷ ಕ್ಯಾಂಪ್ ಹಳೇ ಆಟಗಾರರಿಗೆ, ಕಾಲೇಜಿನವರಿಗೆ ಪ್ರಶ್ನಾವಳಿ ಕಳಿಸಿ, ಫುಟ್‌ಬಾಲಿನಿಂದ ಕೆಡುಕಿಗಿಂತ ಒಳ್ಳೇದೇ ಹೆಚ್ಚು ಅಂತ ತೋರಿಸೋ ಪುಸ್ತಕವೊಂದನ್ನ ಹೊರಡಿಸಿದ. ಆಡಿ ಗೆದ್ದು ಬಂದವರನ್ನೇ ಹೆಚ್ಚಾಗಿ ಕೇಳಿದರೆ ಇನ್ನೇನು ಉತ್ತರ ಬರುತ್ತೆ? ಸ್ಯಾಂಪ್ಲಿಂಗ್ ಓದಿದ ಎರಡನೇ ವರ್ಷದ ಹುಡುಗಿಯೂ ಇದನ್ನ ಒಪ್ಪಲ್ಲ. ವಿರುದ್ಧವಾಗಿ ಬಂದ ಉತ್ತರಗಳನ್ನ ಅವನು ಬದಿಗಿಟ್ಟ ಅಂತ ಆಮೇಲಿನ ಇತಿಹಾಸಕಾರರು ಬರೆದಿದ್ದಾರೆ. ಕ್ಯಾಂಪ್ ಕೆಟ್ಟ ಮನುಷ್ಯನಾಗಿರಲಿಲ್ಲ. ತಾನು ಕಟ್ಟಿದ್ದರ ಮೇಲಿನ ಪ್ರೀತಿ ಅವನ ಕಣ್ಣನ್ನ ಮಂಜು ಮಾಡಿತ್ತು.

1905ರಲ್ಲಿ ಅದು ಸಿಡಿಯಿತು. ಆ ಸೀಸನ್ ಮುಗಿಯೋ ಹೊತ್ತಿಗೆ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ಲೆಕ್ಕ ಕೊಟ್ಟಿತು. 18 ಸಾವು, 159 ಗಂಭೀರ ಗಾಯ. ಸತ್ತವರಲ್ಲಿ ದೊಡ್ಡ ಕಾಲೇಜಿನ ಹೆಸರಾಂತ ಆಟಗಾರರು ಇರಲಿಲ್ಲ. ಹೈಸ್ಕೂಲು ಹುಡುಗರೇ ಹೆಚ್ಚು. ಹೇಳಿಕೊಡೋರು ಸರಿಯಾಗಿಲ್ಲದ, ನಿಯಮ ಬಲ್ಲ ರೆಫ್ರಿ ಇಲ್ಲದ ಮೈದಾನಗಳಲ್ಲಿ, ದೊಡ್ಡವರ ಆಟವನ್ನ ದೊಡ್ಡವರ ಪುಸ್ತಕ ಇಟ್ಟುಕೊಂಡು ಆಡಿದ ಮಕ್ಕಳು.

ಅದಕ್ಕೆ ಮುಂಚೆಯೇ, ಅಕ್ಟೋಬರ್ 9ರಂದು, ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನ ಶ್ವೇತಭವನಕ್ಕೆ ಕರೆಸಿದ್ದ. ಅವನ ಮಗನೇ ಹಾರ್ವರ್ಡಿನ ಮೊದಲ ವರ್ಷದ ತಂಡದಲ್ಲಿ ಆಡ್ತಿದ್ದ. ಆಟ ನಿಲ್ಲಿಸೋದು ರೂಸ್‌ವೆಲ್ಟ್‌ಗೆ ಬೇಡ, ಮೋಸ ಮತ್ತು ಕ್ರೌರ್ಯ ನಿಲ್ಲಬೇಕು. ವಾಪಸ್ ಬರೋ ರೈಲಿನಲ್ಲಿ ಕ್ಯಾಂಪ್ ಒಂದು ಹೇಳಿಕೆ ಬರೆದ. ನಿಯಮವನ್ನ ಅಕ್ಷರದಲ್ಲೂ ಭಾವದಲ್ಲೂ ಪಾಲಿಸ್ತೀವಿ ಅನ್ನೋ ಅರ್ಥದ್ದು. ಅಷ್ಟೇ. ಹೊಸ ನಿಯಮ ಒಂದೂ ಇಲ್ಲ. ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಯೂನಿಯನ್ ಕಾಲೇಜಿನ ಒಬ್ಬ ಆಟಗಾರ ಪಂದ್ಯದಲ್ಲಿ ಪೆಟ್ಟಾಗಿ ಸತ್ತ. ಎದುರು ಆಡಿದ್ದು ನ್ಯೂಯಾರ್ಕ್ ಯೂನಿವರ್ಸಿಟಿ. ಅದರ ಚಾನ್ಸೆಲರ್ ಹೆನ್ರಿ ಮ್ಯಾಕ್‌ಕ್ರಾಕನ್ ಕಾಲೇಜುಗಳ ಸಭೆ ಕರೆದ. ಕೊಲಂಬಿಯಾ ಆಟವನ್ನೇ ಬಿಟ್ಟಿತು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ರಗ್ಬಿಗೆ ಹೋದವು. ಡಿಸೆಂಬರ್ 28ರಂದು 62 ಕಾಲೇಜುಗಳು ಸೇರಿ ಬೇರೆಯೇ ನಿಯಮ ಸಮಿತಿ ಮಾಡಿದವು. ಇದೇ ಸಂಘ ಮುಂದೆ ಎನ್‌ಸಿಎಎ ಆಯ್ತು. 1906ರ ಜನವರಿಯಲ್ಲಿ ಹಳೆ ಸಮಿತಿ, ಹೊಸ ಸಮಿತಿ ಎರಡೂ ಒಟ್ಟಿಗೆ ಕೂರಬೇಕಾಯ್ತು. ಕಾರ್ಯದರ್ಶಿ ಸ್ಥಾನ ಹಾರ್ವರ್ಡಿನ ಕೋಚ್ ಬಿಲ್ ರೀಡ್ ಪಾಲಾಯ್ತು. ವರ್ಷಗಟ್ಟಲೆ ಪೆನ್ನು ಹಿಡಿದಿದ್ದ ಕ್ಯಾಂಪ್ ಈಗ ಹತ್ತಾರು ಸದಸ್ಯರಲ್ಲಿ ಒಬ್ಬ. ಯೇಲಿನ ಕ್ರೀಡಾ ನಿಧಿಯಲ್ಲಿ ಅವನು ಸುಮಾರು 1 ಲಕ್ಷ ಡಾಲರ್ ಕೂಡಿಟ್ಟಿದ್ದಾನೆ ಅನ್ನೋದೂ ಆ ಹೊತ್ತಿಗೇ ಬಯಲಾಗಿ ಹೆಸರಿಗೆ ಇನ್ನಷ್ಟು ಮಸಿ ಬಿತ್ತು.

ಆ ಸಮಿತಿಯಲ್ಲಿ ಕ್ಯಾಂಪ್ ಇಟ್ಟ ಸಲಹೆ, ಮೂರು ಡೌನಿಗೆ 5 ಗಜದ ಬದಲು 10 ಗಜ. ಗುಂಪಾಗಿ ನುಗ್ಗಿ ಒಂದೂವರೆ ಎರಡು ಗಜ ಗಳಿಸೋ ಆಟ ಆಗ ಸಾಲಲ್ಲ, ತಾನಾಗೇ ಬಯಲಿಗೆ ಬರ್ತಾರೆ ಅನ್ನೋ ಲೆಕ್ಕ. ಮೈದಾನವನ್ನ ಅಗಲ ಮಾಡೋಣ ಅಂತಲೂ ಚರ್ಚೆ ಆಯ್ತು. ಆದರೆ ಹಾರ್ವರ್ಡ್ 1903ರಲ್ಲಷ್ಟೇ ಕಾಂಕ್ರೀಟಿನ ಸ್ಟೇಡಿಯಂ ಕಟ್ಟಿಸಿತ್ತು. ಗೋಡೆ ಒಡೆಯದೆ ಅಲ್ಲಿ ಮೈದಾನ ಅಗಲ ಆಗಲ್ಲ. ಸಿವಿಲ್‌ನವರು ಖುಷಿ ಪಡಬೇಕಾದ ವಿಷಯ ಇದು. ಒಂದು ಕಾಂಕ್ರೀಟ್ ರಚನೆ ಒಂದು ಆಟದ ದಿಕ್ಕನ್ನೇ ಬದಲಿಸಿತು. ಅಗಲ ಮಾಡೋಕೆ ಆಗಲ್ಲ ಅಂದಾಗ ಉಳಿದ ದಾರಿ ಚೆಂಡನ್ನ ಮುಂದಕ್ಕೆ ಎಸೆಯೋಕೆ ಬಿಡೋದು. ಫಾರ್ವರ್ಡ್ ಪಾಸ್. ಜಾನ್ ಹೈಸ್‌ಮನ್ ಅನ್ನೋ ಕೋಚ್ ಇದಕ್ಕಾಗಿ ಕ್ಯಾಂಪ್‌ಗೆ ವರ್ಷಗಳಿಂದ ಪತ್ರ ಬರೆದಿದ್ದ. ಎಲ್ಲರಿಗೂ ಉತ್ತರ ಕೊಡೋ ಮನುಷ್ಯ ಈ ವಿಷಯದಲ್ಲಿ ಮಾತ್ರ ಮನಸ್ಸು ಕೊಟ್ಟಿರಲಿಲ್ಲ. ಈಗ ಅದು ಅವನ ಇಷ್ಟ ಮೀರಿ ಬಂತು.

ಬಂದದ್ದಾದರೂ ಎಷ್ಟು ಷರತ್ತುಗಳ ಜೊತೆ ನೋಡಿ. ಚೆಂಡು ಕೊಟ್ಟ ಜಾಗದಿಂದ ಎಡಕ್ಕೋ ಬಲಕ್ಕೋ ಕನಿಷ್ಠ 5 ಗಜ ಆಚೆ ಅದು ಗೆರೆ ದಾಟಬೇಕು. ತುದಿಯ ಆಟಗಾರರು ಮತ್ತು ಹಿಂದಿನ ಸಾಲಿನವರು ಮಾತ್ರ ಹಿಡಿಯಬಹುದು. ಯಾರೂ ಮುಟ್ಟದೆ ನೆಲಕ್ಕೆ ಬಿದ್ದರೆ ಚೆಂಡು ಎದುರಾಳಿಗೆ. ಇದರ ಜೊತೆಗೆ ಎರಡು ಸಾಲುಗಳ ಮಧ್ಯೆ ಚೆಂಡಿನ ಉದ್ದದಷ್ಟು ಖಾಲಿ ಜಾಗ ಇರಬೇಕು, ಎದುರಾಳಿಯ ಮೇಲೆ ಹಾರಿ ದಾಟೋದು ನಿಷಿದ್ಧ, ಆಟದ ಅವಧಿ 70 ನಿಮಿಷದಿಂದ 60ಕ್ಕೆ ಇಳಿಕೆ. ಇಷ್ಟೂ ಒಂದೇ ಸೀಸನ್ನಿಗೆ.

ಈಗ ಆ ವರ್ಷದ ರೆಫ್ರಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಹೋದ ವರ್ಷದವರೆಗೆ ಅವನ ಕೆಲಸ ಒಂದು ಗುಂಪನ್ನ ನೋಡೋದು. ಈ ವರ್ಷ ಚೆಂಡು ಆಕಾಶದಲ್ಲಿ. ಎಸೆದದ್ದು 5 ಗಜ ಆಚೆಯಿಂದ ಹೋಯ್ತಾ? ಹಿಡಿಯೋಕೆ ಹೋದವನಿಗೆ ಹಕ್ಕಿದೆಯಾ? ನೆಲಕ್ಕೆ ಬೀಳೋ ಮುಂಚೆ ಬೆರಳು ತಾಗಿತಾ? ಇತ್ತ ಸಾಲಿನಲ್ಲಿ ಆ ಒಂದು ಚೆಂಡಿನುದ್ದದ ಜಾಗಕ್ಕೆ ಯಾರ ಮೂಗು ಬಂತು? 5 ಗಜದ ಲೆಕ್ಕ ಸಿಗಲಿ ಅಂತ ಅಡ್ಡ ಗೆರೆಗಳ ಜೊತೆ ಉದ್ದ ಗೆರೆಗಳನ್ನೂ ಎಳೆದರು. ಜಾಲರಿ ಇದ್ದದ್ದು ಚೌಕಾಬಾರದ ಮನೆ ಥರ ಆಯ್ತು. ಕೆಲವು ವರ್ಷ ಅಮೆರಿಕದ ಮೈದಾನಗಳು ಹಾಗೇ ಇದ್ದವು. 1907ರಲ್ಲಿ ಫೀಲ್ಡ್ ಜಡ್ಜ್ ಅಂತ ನಾಲ್ಕನೆಯವನೂ ಬಂದ.

ಇದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿತ್ತು. ಅದುವರೆಗೆ ರೆಫ್ರಿಯನ್ನ ಆರಿಸ್ತಾ ಇದ್ದದ್ದು ಆಡೋ ಎರಡು ತಂಡಗಳೇ. ಕಟ್ಟುನಿಟ್ಟಾಗಿ ಸೀಟಿ ಊದಿ ಸ್ಟಾರ್ ಆಟಗಾರನನ್ನ ಹೊರಗೆ ಕಳಿಸಿದರೆ ಮುಂದಿನ ಪಂದ್ಯಕ್ಕೆ ಅವನಿಗೆ ಕರೆ ಇಲ್ಲ. ಪುಸ್ತಕದಲ್ಲಿ ಎಂಥ ನಿಯಮ ಇದ್ದರೇನು, ಜಾರಿ ಮಾಡೋನು ಮುಲಾಜಿಗೆ ಬಿದ್ದಿದ್ದ. ಕ್ಯಾಂಪ್ ಇಷ್ಟು ವರ್ಷ ಪುಸ್ತಕ ತಿದ್ದಿದ. ಈ ಕೀಲಿಗೆ ಮಾತ್ರ ಎಣ್ಣೆ ಹಾಕಿರಲಿಲ್ಲ. ಹೊಸ ಸಮಿತಿ ಬಂದ ಮೇಲೆ ಅಧಿಕಾರಿಗಳನ್ನ ನೇಮಿಸೋಕೆ, ಎಲ್ಲರೂ ನಿಯಮವನ್ನ ಒಂದೇ ಥರ ಓದೋ ಹಾಗೆ ಮಾಡೋಕೆ ಒಂದು ಕೇಂದ್ರ ಮಂಡಳಿ ಅಂತ ಆಯ್ತು. ಎಲ್ಲಾ ಕಾಲೇಜೂ ತಕ್ಷಣ ಅದರ ಮಾತು ಕೇಳಿದವು ಅಂತೇನಿಲ್ಲ. ಆದರೂ ರೆಫ್ರಿಗೆ ಮೊದಲ ಸಲ ಬೆನ್ನಿಗೆ ಒಂದು ಗೋಡೆ ಸಿಕ್ಕಿತು.

1906ರ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ಯೂನಿವರ್ಸಿಟಿಯ ಬ್ರಾಡ್‌ಬರಿ ರಾಬಿನ್‌ಸನ್ ಮೊದಲ ಕಾನೂನುಬದ್ಧ ಫಾರ್ವರ್ಡ್ ಪಾಸ್ ಎಸೆದ. ಯಾರೂ ಹಿಡಿಯಲಿಲ್ಲ. ನಿಯಮದಂತೆ ಚೆಂಡು ಎದುರಾಳಿಗೆ ಹೋಯ್ತು. ಅದೇ ಪಂದ್ಯದಲ್ಲಿ ಮತ್ತೆ ಎಸೆದ, 20 ಗಜ, ಟಚ್‌ಡೌನ್. ದೊಡ್ಡ ಪೂರ್ವದ ಕಾಲೇಜುಗಳು ಇದನ್ನ ಬೇಗ ನೆಚ್ಚಿಕೊಳ್ಳಲಿಲ್ಲ. ಕಳಕೊಳ್ಳೋಕೆ ಏನೂ ಇಲ್ಲದ ಸಣ್ಣ ಕಾಲೇಜುಗಳೇ ಮೊದಲು ಧೈರ್ಯ ಮಾಡಿದ್ದು.

ಸಾವುಗಳು ಅಲ್ಲಿಗೇ ನಿಲ್ಲಲಿಲ್ಲ. 1909ರಲ್ಲಿ ಮತ್ತೆ ಕೂಗೆದ್ದಿತು. 1910ರಲ್ಲಿ ಚೆಂಡಿದ್ದವನನ್ನ ಹಿಂದಿಂದ ತಳ್ಳೋದು, ಮುಂದಿಂದ ಎಳೆಯೋದು ನಿಷೇಧ, ಏಳು ಜನ ಸಾಲಿನಲ್ಲೇ ಇರಬೇಕು ಅನ್ನೋ ನಿಯಮ, 15 ನಿಮಿಷದ ನಾಲ್ಕು ಭಾಗ. 1912ರಲ್ಲಿ ಮೂರು ಡೌನ್ ನಾಲ್ಕಾಯ್ತು, ಮೈದಾನ 100 ಗಜಕ್ಕೆ ಬಂತು. ಇವತ್ತು ಟಿವಿಯಲ್ಲಿ ಕಾಣೋ ಆಟ ಹೆಚ್ಚುಕಮ್ಮಿ ಇದೇ. ಈ ಎಲ್ಲಾ ಸಭೆಗಳಲ್ಲೂ ಕ್ಯಾಂಪ್ ಇದ್ದ. ಸೋತ ಸಲಹೆಗಳನ್ನ ಅಲ್ಲೇ ಬಿಟ್ಟು, ಗೆದ್ದ ನಿಯಮವನ್ನ, ಅದು ತನಗೆ ಇಷ್ಟ ಇಲ್ಲದ್ದಾದರೂ, ಗೈಡಿನಲ್ಲಿ ಅಚ್ಚುಕಟ್ಟಾಗಿ ಅಚ್ಚು ಹಾಕಿಸಿದ. ಪದವಿ ಹೋದ ಮೇಲೂ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಅವನ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಇದು, ಪಿತಾಮಹ ಅನ್ನೋ ಬಿರುದಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯ ಹುಡುಗರಿಗೆ ವ್ಯಾಯಾಮ ಕಲಿಸೋ ಕೆಲಸ ಬಂತು. ಹನ್ನೆರಡು ಸರಳ ಕಸರತ್ತುಗಳ ಒಂದು ಕ್ರಮ ಮಾಡಿದ. ಡೈಲಿ ಡಜನ್ ಅಂತ ಹೆಸರಾಗಿ, 1920ರ ದಶಕದಲ್ಲಿ ಅದರ ಗ್ರಾಮೊಫೋನ್ ತಟ್ಟೆಗಳೂ ಮಾರಾಟ ಆದವು. ಫುಟ್‌ಬಾಲ್ ಗೊತ್ತಿಲ್ಲದ ಮನೆಗಳಲ್ಲೂ ಕ್ಯಾಂಪ್ ಹೆಸರು ಗೊತ್ತಾದದ್ದು ಇದರಿಂದ.

1925ರ ಮಾರ್ಚಿನಲ್ಲಿ ನಿಯಮ ಸಮಿತಿಯ ವಾರ್ಷಿಕ ಸಭೆ ನ್ಯೂಯಾರ್ಕಿನಲ್ಲಿ ಸೇರಿತು. ಮುಂದಿನ ಸೀಸನ್ನಿಗೆ ಏನು ಬದಲಾಗಬೇಕು ಅನ್ನೋ ಚರ್ಚೆ. 65 ವರ್ಷದ ಕ್ಯಾಂಪ್ ಮೊದಲ ದಿನದ ಚರ್ಚೆಯಲ್ಲಿ ಕೂತಿದ್ದು, ರಾತ್ರಿ ಹೋಟೆಲಿನ ಕೋಣೆಗೆ ಹೋಗಿ ಮಲಗಿದ. 14ರ ಬೆಳಗ್ಗೆ ಎಲ್ಲರೂ ಬಂದು ಕೂತರೂ ಅವನ ಕುರ್ಚಿ ಖಾಲಿ. ಎಂದೂ ತಡ ಮಾಡಿದವನಲ್ಲ. ಹುಡುಕಿಕೊಂಡು ಹೋದವರು ಬಾಗಿಲು ತೆಗೆಸಿ ನೋಡಿದರೆ, ನಿದ್ದೆಯಲ್ಲೇ ಪ್ರಾಣ ಹೋಗಿತ್ತು.

ಮೂರು ವರ್ಷದ ನಂತರ ನ್ಯೂ ಹೇವನ್ನಿನ ಯೇಲ್ ಬೌಲ್ ಸ್ಟೇಡಿಯಂ ಹತ್ತಿರ ಅವನ ಹೆಸರಿನಲ್ಲಿ ಕಂಬಗಳ ಮಹಾದ್ವಾರವೊಂದನ್ನ ಕಟ್ಟಿದರು. ಖರ್ಚಿಗೆ ಯೇಲಿನ ದುಡ್ಡು ಮಾತ್ರ ಅಲ್ಲ, ದೇಶದ ನೂರಾರು ಕಾಲೇಜುಗಳೂ ಹೈಸ್ಕೂಲುಗಳೂ ಚಂದಾ ಕಳಿಸಿದವು. ಕೊಟ್ಟವರ ಹೆಸರುಗಳನ್ನ ಅದರ ಕಲ್ಲಿನ ಮೇಲೆ ಕೆತ್ತಿದ್ದಾರೆ. ಹಾರ್ವರ್ಡ್, ಪ್ರಿನ್ಸ್‌ಟನ್ನುಗಳ ಜೊತೆ, ಅವನು ಕಣ್ಣಾರೆ ನೋಡಿರದ ಎಷ್ಟೋ ಊರಿನ ಹೈಸ್ಕೂಲುಗಳ ಹೆಸರೂ ಅಲ್ಲಿವೆ.